ಆಗಸ್ಟ್ ಹದಿನೈದು: ಹಬ್ಬವೂ ಋಣವೂ



ಆಗಸ್ಟ್ ತಿಂಗಳ 15ನೆಯ ದಿನ ಭಾರತದ ಕಥೋಲಿಕ ಕುಟುಂಬಗಳಿಗೆ ಎರಡು ಹಬ್ಬಗಳನ್ನು ಒಟ್ಟಿಗೆ ತರುತ್ತದೆ. ಮಾತೆ ಮರಿಯಮ್ಮನವರು ಆತ್ಮ ಶರೀರಗಳೊಡನೆ ಸ್ವರ್ಗಕ್ಕೆ ಸ್ವೀಕೃತರಾದ ಮಹೋತ್ಸವ ಒಂದು. 1947ರಲ್ಲಿ ನಮ್ಮ ನಾಡು ಪರಕೀಯರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ದಿನದ ಸ್ಮರಣೆ ಇನ್ನೊಂದು. ಒಂದರಲ್ಲಿ ಬಲಿಪೀಠದ ಮುಂದೆ ಮಂಡಿಯೂರುತ್ತೇವೆ, ಇನ್ನೊಂದರಲ್ಲಿ ಬಾವುಟದ ಮುಂದೆ ನೆಟ್ಟಗೆ ನಿಲ್ಲುತ್ತೇವೆ. ಎರಡನ್ನೂ ಒಂದೇ ಬೆಳಗಿನಲ್ಲಿ ಮುಗಿಸಿ ಮನೆಗೆ ಬಂದು ಊಟ ಮಾಡುವ ನಾವು, ಆ ಎರಡು ಭಂಗಿಗಳಿಗೂ ಇರುವ ಸಂಬಂಧವೇನು ಎಂದು ಯೋಚಿಸುವುದು ಅಪರೂಪ.

ಕೆಲವು ತಿಂಗಳ ಹಿಂದೆ ಧರ್ಮೋಪದೇಶದ ತರಗತಿಯಲ್ಲಿ ದಶಾಜ್ಞೆಗಳ ಪಾಠ ನಡೆಯುತ್ತಿತ್ತು. ಏಳನೆಯ ತರಗತಿಯ ಬಾಲಕಿಯೊಬ್ಬಳು ಎದ್ದು ನಿಂತು, "ಫಾದರ್, ದೇಶವನ್ನು ಪ್ರೀತಿಸಬೇಕು ಅಂತ ಶಾಲೆಯಲ್ಲಿ ಹೇಳುತ್ತಾರೆ. ಹತ್ತು ಆಜ್ಞೆಗಳಲ್ಲಿ ಅದು ಯಾವುದರಲ್ಲಿದೆ?" ಎಂದು ಕೇಳಿದಳು. ಗುರುಮಠದಲ್ಲಿ ಕಲಿತ ಉತ್ತರ ನನ್ನ ನಾಲಗೆಯ ತುದಿಯಲ್ಲಿಯೇ ಇತ್ತು. "ನಾಲ್ಕನೆಯದರಲ್ಲಿ ಮಗೂ, ತಂದೆ ತಾಯಿಯನ್ನು ಗೌರವಿಸಬೇಕೆಂಬ ಆಜ್ಞೆಯಲ್ಲಿ" ಎಂದೆ. ಅವಳು ತೃಪ್ತಳಾಗಿ ಕುಳಿತಳು. ಆದರೆ ನನಗೆ ತೃಪ್ತಿಯಾಗಲಿಲ್ಲ. ಉತ್ತರ ತಪ್ಪಾಗಿರಲಿಲ್ಲ, ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ನಾನು ಅವಳಿಗೆ ಹೇಳಿರಲಿಲ್ಲ. ಆ ಬೆಲೆಯನ್ನು ನಾನು ಮೊದಲು ಕಂಡದ್ದು ಗುರುಮಠದಲ್ಲಿ ಅಲ್ಲ, ಸರಗೂರಿನಲ್ಲಿ ಕಳೆದ ನನ್ನ ಬಾಲ್ಯದಲ್ಲಿ.

ನಮ್ಮ ಹಿರಿಯರು ಕೊಳ್ಳೇಗಾಲದ ಕಡೆಯವರು. ಕಬಿನಿ ನದಿಗೆ ಬೀಚನಹಳ್ಳಿಯ ಬಳಿ ಅಣೆಕಟ್ಟು ಕಟ್ಟುತ್ತಿದ್ದ ಕಾಲದಲ್ಲಿ ನಮ್ಮ ತಂದೆಯವರು ಗಾರೆ ಕೆಲಸಕ್ಕೆಂದು ಬಂದರು. 1974ರಲ್ಲಿ ಅಣೆಕಟ್ಟೆಯ ಕೆಲಸ ಮುಗಿದ ಮೇಲೂ ಊರಿಗೆ ಹಿಂದಿರುಗದೆ ಸರಗೂರಿನಲ್ಲಿಯೇ ನೆಲೆಸಿದರು. ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಸರಗೂರು ಆಗ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಪುಟ್ಟ ಊರು. ಪಕ್ಕದಲ್ಲಿ ಕಪಿಲೆ, ಆಚೆಗೆ ಕಾಡು.

ಆಗಸ್ಟ್ 14ರ ಸಂಜೆಯೇ ನಮ್ಮ ಮನೆಯಲ್ಲಿ ಹಬ್ಬ ಆರಂಭವಾಗುತ್ತಿತ್ತು. ಆಶ್ಲೇಷ ಮಳೆಯ ಜಿಟಿಜಿಟಿಯಲ್ಲಿ ಬಟ್ಟೆ ಒಣಗುವುದೇ ಕಷ್ಟ. ತಾಯಿಯವರು ಬಿಳಿ ಅಂಗಿಗೆ ನೀಲಿ ಹಾಕಿ, ಗಂಜಿ ಕೊಟ್ಟು, ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿ ಒಣಗಿಸಿ, ಹಿತ್ತಾಳೆಯ ಚೊಂಬಿಗೆ ಕೆಂಡ ತುಂಬಿ ಇಸ್ತ್ರಿ ಮಾಡುತ್ತಿದ್ದರು. ಅಜ್ಜಿ ಒಂದು ಮೂಲೆಯಲ್ಲಿ ಕುಳಿತು ಜಪಸರ ಹೇಳುತ್ತಾ, ನಡುನಡುವೆ ಮಾತೆಯ ಪಟದ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಬೆಳಗ್ಗೆ ಎದ್ದ ಕೂಡಲೇ ಪ್ರಾರ್ಥನೆ. ಆ ಮೇಲೆ ರೇಡಿಯೋದಲ್ಲಿ ಕೆಂಪುಕೋಟೆಯ ಕಾರ್ಯಕ್ರಮ. ಶಾಲೆಯ ಮಕ್ಕಳ ಪ್ರಭಾತಫೇರಿ ಬೀದಿಯಲ್ಲಿ ಬರುವ ಹೊತ್ತಿಗೆ ನಾನು ಅಂಗಿ ಮಡಿಕೆ ಮುರಿಯದಂತೆ ಬಾಗಿಲಲ್ಲಿ ಕಾದಿರುತ್ತಿದ್ದೆ.

ಆ ದಿನ ಪ್ರತಿ ವರ್ಷವೂ ಮನೆಯಲ್ಲಿ ಒಂದು ವಾದ ತಪ್ಪುತ್ತಿರಲಿಲ್ಲ. ಪೂಜೆಗೆ ನಾವು ಬಸ್ಸು ಹತ್ತಿ ಬೇರೆ ಊರಿಗೆ ಹೋಗಬೇಕಾಗಿತ್ತು. ಧ್ವಜಾರೋಹಣಕ್ಕೆ ನಿಂತರೆ ಬಸ್ಸು ತಪ್ಪುತ್ತಿತ್ತು; ಬಸ್ಸು ಹಿಡಿದರೆ ಧ್ವಜಾರೋಹಣ ತಪ್ಪುತ್ತಿತ್ತು. "ಕಡ್ಡಾಯದ ಹಬ್ಬ ಕಣೋ, ಪೂಜೆ ಬಿಟ್ಟು ಬಟ್ಟೆ ತುಂಡಿಗೆ ಸಲಾಮು ಹೊಡೆಯೋದಕ್ಕೆ ಮಗೂನ ಕಳಿಸ್ತೀಯಾ?" ಎಂದು ಅಜ್ಜಿ. "ಅವ್ವಾ, ಆ ಬಟ್ಟೆ ಹಾರೋ ನೆಲದಲ್ಲೇ ನಾವು ಅನ್ನ ತಿನ್ನೋದು" ಎಂದು ತಂದೆಯವರು. ಈ ವಿಷಯ ಗುರುಗಳ ಕಿವಿಗೂ ಬಿತ್ತು. ವಯಸ್ಸಾದ ಆ ಗುರುಗಳು ನಕ್ಕು, "ಬಾವುಟಕ್ಕೆ ನಿಂತು ಬನ್ನಿ. ಪೂಜೆಯನ್ನು ಹನ್ನೊಂದು ಗಂಟೆಗೆ ಇಡೋಣ. ಮಾತೆ ಕಾಯುತ್ತಾಳೆ" ಎಂದರು. ಅಂದಿನಿಂದ ಎರಡೂ ನಡೆದವು. ಪೂಜೆ ಮುಗಿಸಿ ಬಂದು, ಪಾಯಸದ ಊಟ ಮಾಡಿ, ಮಧ್ಯಾಹ್ನ ತಂದೆಯವರು ನಮ್ಮನ್ನು ಕಟ್ಟೆ ನೋಡಲು ಕರೆದೊಯ್ಯುತ್ತಿದ್ದರು. ವಯನಾಡಿನಲ್ಲಿ ಮಳೆ ಹಿಡಿದಿದ್ದರೆ ಆ ಹೊತ್ತಿಗೆ ಕಬಿನಿ ತುಂಬಿರುತ್ತಿತ್ತು. ನೀರನ್ನು ತೋರಿಸಿ ಅವರು, "ಇದರಲ್ಲಿ ನನ್ನ ಕೈಯೂ ಇದೆ" ಎನ್ನುತ್ತಿದ್ದರು. ದೇಶಪ್ರೇಮವೆಂದರೇನು ಎಂದು ಆಗ ಯಾರಾದರೂ ಕೇಳಿದ್ದರೆ, ನಾನು ಆ ನೀರನ್ನೂ ತಂದೆಯವರ ಮುಖವನ್ನೂ ತೋರಿಸುತ್ತಿದ್ದೆ.

ಅಜ್ಜಿಯವರ ಅನುಮಾನಕ್ಕೆ ಕಾರಣವಿಲ್ಲದಿರಲಿಲ್ಲ. ಅವರು ಕಂಡ ಸರ್ಕಾರಗಳು ಒಂದೆರಡಲ್ಲ. ಅವರ ಯೌವನದಲ್ಲಿ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕಾವೇರಿಯ ಆಚೆಯ ದಡದಲ್ಲಿ ಮಹಾರಾಜರ ಮೈಸೂರು. 1947ರ ಆಗಸ್ಟ್ 15ರಂದು ಈ ದಡದವರು ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದಿದರು. ಆ ದಡದಲ್ಲಿ ಸಂಸ್ಥಾನವು ಭಾರತ ಒಕ್ಕೂಟಕ್ಕೆ ಸೇರಿದ್ದರೂ ಜವಾಬ್ದಾರಿ ಸರ್ಕಾರ ಇನ್ನೂ ಬಂದಿರಲಿಲ್ಲ. ಅದಕ್ಕಾಗಿ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಚಳವಳಿ ನಡೆಯಬೇಕಾಯಿತು. ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ಎಳೆಯ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ಇಂದು ನಾವು ಬಸ್ಸಿನಲ್ಲಿ ಕುಳಿತು ಹೆಸರು ಹೇಳಿ ಇಳಿಯುವ ರಾಮಸ್ವಾಮಿ ವೃತ್ತ ಅವನ ಸ್ಮರಣೆ. ಅಕ್ಟೋಬರ್ ತಿಂಗಳಲ್ಲಿ, ದಸರೆಯ ಹೊತ್ತಿಗೆ, ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ಪ್ರಜಾಪ್ರತಿನಿಧಿಗಳ ಮಂತ್ರಿಮಂಡಲ ಬಂದಿತು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವಾಯಿತು. ಅಜ್ಜಿ ಮನೆ ಬದಲಿಸದೆಯೇ ಇಷ್ಟೆಲ್ಲ ಬದಲಾಯಿತು. ಗಡಿಗಳೂ ಹೆಸರುಗಳೂ ಹೀಗೆ ಬದಲಾಗುವುದಾದರೆ, ನಾವು ಪ್ರೀತಿಸಬೇಕಾದ 'ದೇಶ' ಯಾವುದು? ನಕ್ಷೆಯೇ? ಸರ್ಕಾರವೇ? ಬಾವುಟವೇ? ಅಜ್ಜಿಯವರ ಪ್ರಶ್ನೆ ಅನಕ್ಷರಸ್ಥೆಯ ಮೊಂಡುತನವೆಂದು ನಾನು ಬಹಳ ವರ್ಷ ತಿಳಿದಿದ್ದೆ. ಈಗ ಹಾಗೆ ತಿಳಿಯಲಾರೆ.

1979ರ ಆಗಸ್ಟ್ ಇರಬೇಕು; ನಾನು ಐದನೆಯ ತರಗತಿಯಲ್ಲಿದ್ದೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಅಂದು ಧ್ವಜಾರೋಹಣಕ್ಕೆ ಬಂದಿರಲಿಲ್ಲ. ಬಿಳಿ ಅಂಗಿ ಇಲ್ಲದವರು ಸಾಲಿನಲ್ಲಿ ನಿಲ್ಲಬಾರದೆಂದು ಹಿಂದಿನ ದಿನ ಹೇಳಲಾಗಿತ್ತು. ಅವನಿಗೆ ಬಿಳಿ ಅಂಗಿ ಇರಲಿಲ್ಲ. ಕಾರ್ಯಕ್ರಮದ ಕೊನೆಯಲ್ಲಿ ಕಾಗದದ ಪೊಟ್ಟಣಗಳಲ್ಲಿ ಬೂಂದಿ ಹಂಚಿದರು. ಮೇಷ್ಟ್ರು ನನ್ನ ಕೈಗೆ ಎರಡು ಪೊಟ್ಟಣ ಕೊಟ್ಟು, ಒಂದು ನನ್ನದು, ಇನ್ನೊಂದನ್ನು ಅವನಿಗೆ ತಲುಪಿಸಬೇಕು ಎಂದರು. ನಾನು ದಾರಿಯಲ್ಲಿ ನನ್ನದನ್ನು ತಿಂದೆ. ಅನಂತರ ಅವನದನ್ನೂ ತಿಂದೆ. ಪೂಜೆಗೆ ಹೋಗುವ ಬಸ್ಸಿನಲ್ಲಿ ಕುಳಿತಾಗಲೂ ಎಣ್ಣೆಯಾದ ಆ ಎರಡು ಕಾಗದಗಳು ನನ್ನ ಜೇಬಿನಲ್ಲಿಯೇ ಇದ್ದವು.

ಅಂದು ಮಧ್ಯಾಹ್ನ ಕಟ್ಟೆಯ ಕಡೆಗೆ ಹೊರಟಾಗ ದಾರಿಯಲ್ಲಿ ಅವನು ಸಿಕ್ಕನು. ಸಂಗತಿ ತಿಳಿಯದ ತಂದೆಯವರು ಅವನನ್ನೂ ಜೊತೆಗೆ ಕರೆದುಕೊಂಡರು. ಏರಿಯ ಮೇಲೆ ನಿಂತು ಎಂದಿನಂತೆ ನೀರನ್ನು ತೋರಿಸಿ, ಕಲ್ಲು ಹೇಗೆ ಬಂತು, ಗಾರೆ ಹೇಗೆ ಹಾಕಿದೆವು ಎಂದು ವಿವರಿಸತೊಡಗಿದರು. ಅವನು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು, ಆಮೇಲೆ ಕೈ ಚಾಚಿ, "ನಮ್ಮ ಮನೆ ಆ ಕಡೆ ಕೆಳಗೈತೆ. ಬೇಸಿಗೇಲಿ ನೀರು ಇಳಿದ್ರೆ ನಮ್ಮೂರ ಮರದ ಬೊಡ್ಡೆ ಕಾಣ್ತದೆ ಅಂತ ನಮ್ಮಜ್ಜಿ ಹೇಳ್ತದೆ" ಎಂದನು. ದೂರು ಹೇಳುವ ಧ್ವನಿಯಲ್ಲ ಅದು. ನೆಂಟರ ಊರನ್ನು ತೋರಿಸುವಂತೆ ತೋರಿಸಿದನು. ತಂದೆಯವರ ಮಾತು ಅಲ್ಲಿಗೇ ನಿಂತಿತು. ಹಿಂದಿರುಗುವಾಗ ಅವನು ನನ್ನನ್ನು ಮೆಲ್ಲಗೆ, "ಲೋ, ಇಸ್ಕೂಲಲ್ಲಿ ಬೂಂದಿ ಕೊಟ್ರಂತಾ?" ಎಂದು ಕೇಳಿದನು. "ಈ ಸಲ ಕೊಡಲಿಲ್ಲ" ಎಂದೆ.

ರಾತ್ರಿ ಅಂಗಿ ಒಗೆಯಲು ತೆಗೆದುಕೊಂಡ ತಾಯಿಯವರಿಗೆ ಜೇಬಿನಲ್ಲಿ ಎರಡು ಕಾಗದ ಸಿಕ್ಕವು. ತಂದೆಯವರು ಕರೆದು ಕೇಳಿದರು. ನಿಜ ಹೇಳಿದೆ. ಏಟು ಬೀಳುವುದೆಂದು ಕಾದೆ, ಬೀಳಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, "ನೀನು ಅವನ ಪಾಲಿನ ಬೂಂದಿ ತಿಂದೆ. ನಾನು ಇಷ್ಟು ವರ್ಷ ಕೂಲಿ ತಿಂದದ್ದು ಅವರ ಗದ್ದೆಯ ಮೇಲೆ. ಯಾರು ಯಾರನ್ನು ಹೊಡೆಯಬೇಕು?" ಎಂದರು. ಮಾರನೆಯ ಸಂಜೆ ತಾಯಿಯವರು ಮತ್ತೆ ಪಾಯಸ ಮಾಡಿದರು. ತೂಕ್ಕಿನ ಪಾತ್ರೆಯನ್ನು ಹಿಡಿದು ನಾನೂ ತಂದೆಯವರೂ ಅವನ ಮನೆಗೆ ಹೋದೆವು. ಅವನ ಅಜ್ಜಿ ಬಾಗಿಲಲ್ಲಿ ಚಾಪೆ ಹಾಸಿದರು. "ಕಟ್ಟೆ ಕೆಲಸ ಮಾಡಿದೋನು ನಾನೂ ಒಬ್ಬ ಕಣವ್ವಾ" ಎಂದು ತಂದೆಯವರು ಹೇಳಿದಾಗ, ಆ ತಾಯಿ, "ನೀರು ಎಲ್ಲಿಗಂಟ ಹೋಗ್ತದೆ ಮೇಸ್ತ್ರಿ?" ಎಂದು ಕೇಳಿದರು. "ನಂಜನಗೂಡಿನ ಕಡೆಗೆಲ್ಲ ಹೋಗ್ತದೆ, ಗದ್ದೆ ಆಗ್ತವೆ" ಎಂದರು ತಂದೆಯವರು. "ಆಗ್ಲಿ ಬುಡಪ್ಪ, ಯಾರಾದ್ರೂ ಉಣ್ಲಿ. ಇಲ್ಲೊಂದು ಊರಿತ್ತು ಅನ್ನೋದು ಉಣ್ಣೋರ್ಗೆ ಗೊತ್ತಿದ್ರೆ ಸಾಕು" ಎಂದರು ಆಕೆ.

ಅಂದಿನಿಂದ ನಮ್ಮ ಮನೆಯ ಆಗಸ್ಟ್ 15ರ ಪದ್ಧತಿಗೆ ಒಂದು ಭಾಗ ಸೇರಿತು. ಪಾಯಸದ ಮೊದಲ ಪಾತ್ರೆ ಆ ಮನೆಗೆ ಹೋಗಿ ಬಂದ ಮೇಲೆಯೇ ನಮ್ಮ ಊಟ. ಕಟ್ಟೆ ನೋಡಲು ಹೋಗುವುದು ನಿಲ್ಲಲಿಲ್ಲ. "ಇದರಲ್ಲಿ ನನ್ನ ಕೈಯೂ ಇದೆ" ಎನ್ನುವುದನ್ನು ತಂದೆಯವರು ಬಿಡಲಿಲ್ಲ. ಆದರೆ ಅದರ ಬೆನ್ನಿಗೇ, "ಇದರ ಕೆಳಗೆ ಊರುಗಳಿವೆ" ಎನ್ನುವುದನ್ನೂ ಮರೆಯಲಿಲ್ಲ.

ಈಗ ಆ ಬಾಲಕಿಯ ಪ್ರಶ್ನೆಗೆ ಬರುತ್ತೇನೆ. ನಾಲ್ಕನೆಯ ಆಜ್ಞೆಯಲ್ಲಿ ದೇಶ ಹೇಗೆ ಬಂತು? ಸಂತ ಥಾಮಸ್ ಅಕ್ವಿನಾಸರು ಇದನ್ನು ಋಣದ ವಿಚಾರವಾಗಿ ನೋಡುತ್ತಾರೆ. ನಮ್ಮ ಇರವಿಗೂ ಪೋಷಣೆಗೂ ಮೊದಲ ಕಾರಣ ದೇವರು. ಆದ್ದರಿಂದ ಆರಾಧನೆ ಅವರಿಗೆ ಮಾತ್ರ ಸಲ್ಲುತ್ತದೆ. ಅನಂತರದ ಕಾರಣರು ನಮ್ಮನ್ನು ಹೆತ್ತವರು ಮತ್ತು ನಾವು ಹುಟ್ಟಿ ಬೆಳೆದ ನಾಡು. ಅವರಿಗೆ ಸಲ್ಲಬೇಕಾದುದು ಗೌರವ ಮತ್ತು ಸೇವೆ. ಈ ಸದ್ಗುಣವನ್ನು ಅವರು ಲತೀನ್ ಭಾಷೆಯಲ್ಲಿ 'ಪಿಯೆತಾಸ್' ಎಂದು ಕರೆಯುತ್ತಾರೆ. ನಾಡನ್ನು ಗೌರವಿಸುವುದೆಂದರೆ ಅದರ ಎಲ್ಲ ಸಹಪ್ರಜೆಗಳನ್ನೂ ಗೌರವಿಸುವುದೆಂಬ ಅರ್ಥವನ್ನೂ ಅವರು ಅದರಲ್ಲಿ ಸೇರಿಸುತ್ತಾರೆ. ಧರ್ಮಸಭೆಯ ಧರ್ಮೋಪದೇಶವೂ ನಾಡಿನ ಮೇಲಿನ ಪ್ರೀತಿ ಮತ್ತು ಸೇವೆಯನ್ನು ಕೃತಜ್ಞತೆಯ ಕರ್ತವ್ಯವೆಂದು ನಾಲ್ಕನೆಯ ಆಜ್ಞೆಯ ಅಡಿಯಲ್ಲಿಯೇ ಬೋಧಿಸುತ್ತದೆ.

ಇಲ್ಲಿ ಅಜ್ಜಿಯವರ ಪ್ರಶ್ನೆಗೆ ಅರ್ಧ ಉತ್ತರವಿದೆ. ಬಾವುಟಕ್ಕೆ ನಾವು ಸಲ್ಲಿಸುವುದು ಗೌರವ, ಆರಾಧನೆಯಲ್ಲ. ಆರಾಧನೆ ಎಲ್ಲವನ್ನೂ ಅರ್ಪಿಸುತ್ತದೆ, ಏನನ್ನೂ ಪ್ರಶ್ನಿಸುವುದಿಲ್ಲ. ಗೌರವವಾದರೋ ಕಣ್ಣು ತೆರೆದುಕೊಂಡೇ ಇರುತ್ತದೆ. ತಂದೆತಾಯಿಯರನ್ನು ಗೌರವಿಸುವ ಮಗ ಅವರ ತಪ್ಪನ್ನು ತಪ್ಪೆಂದು ತಿಳಿಯಬಲ್ಲನು. ತಿಳಿದೂ ಅವರನ್ನು ಬಿಟ್ಟುಹೋಗುವುದಿಲ್ಲ. 1995ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾತನಾಡಿದ ಜಗದ್ಗುರು ಎರಡನೆಯ ಜಾನ್ ಪಾಲರು, ಇತರ ರಾಷ್ಟ್ರಗಳನ್ನು ತುಚ್ಛವಾಗಿ ಕಾಣುವ ಕುರುಡು ರಾಷ್ಟ್ರೀಯತೆಯನ್ನೂ ತಾಯ್ನಾಡಿನ ಯೋಗ್ಯವಾದ ಪ್ರೀತಿಯನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ಅವರ ಸ್ವಂತ ನಾಡಾದ ಪೋಲೆಂಡ್ ಒಂದು ಶತಮಾನಕ್ಕೂ ಹೆಚ್ಚು ಕಾಲ ನಕ್ಷೆಯಿಂದಲೇ ಅಳಿಸಿಹೋಗಿದ್ದ ನಾಡು. ನಕ್ಷೆಯಲ್ಲಿ ಇಲ್ಲದ ನಾಡನ್ನೂ ಜನ ಪ್ರೀತಿಸಿದರೆಂದರೆ, ಆ ಪ್ರೀತಿಯ ನೆಲೆ ಗಡಿಯಲ್ಲ. ಪರಸ್ಪರ ಋಣಿಗಳಾದ ಜನರು.

ಋಣವೆಂದ ಮೇಲೆ ಇನ್ನೊಂದು ಮಾತು ಏಳುತ್ತದೆ, ಮತ್ತು ನನಗೆ ಕಷ್ಟವಾದುದು ಇದೇ. ಋಣವಿದ್ದಲ್ಲಿ ಕೊಟ್ಟವರು ಇರುತ್ತಾರೆ. ಅವರು ಯಾರೆಂದು ತಿಳಿಯದೆ ಕೃತಜ್ಞನಾಗುವುದು ಹೇಗೆ? ನಾವು 'ದೇಶ ಕೊಟ್ಟಿತು' ಎನ್ನುತ್ತೇವೆ. ದೇಶ ತನ್ನ ಜೇಬಿನಿಂದ ಏನನ್ನೂ ಕೊಡುವುದಿಲ್ಲ. ಯಾರೋ ಕೊಟ್ಟಿರುತ್ತಾರೆ, ಅಥವಾ ಯಾರಿಂದಲೋ ತೆಗೆದುಕೊಂಡಿರುತ್ತದೆ. ಕಬಿನಿಯ ನೀರಿನಡಿಯಲ್ಲಿ ಹಳ್ಳಿಗಳು ಮುಳುಗಿದವು. ಪ್ರಾಚೀನ ಪುನ್ನಾಟರ ರಾಜಧಾನಿ ಕೀರ್ತಿಪುರವೆಂದು ಗುರುತಿಸಲಾಗಿರುವ ಕಿತ್ತೂರೂ ಆ ಮುಳುಗಡೆಯ ಸೀಮೆಯದೇ. ಕಾಕನಕೋಟೆಯ ಕಾಡಿನ ಭಾಗವೂ ಮುಳುಗಿತು. ಅಲ್ಲಿಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಕಾಡನ್ನೇ ಮನೆ ಮಾಡಿಕೊಂಡಿದ್ದ ಜೇನುಕುರುಬರೂ ಕಾಡುಕುರುಬರೂ ಹಾಡಿಗಳನ್ನು ಬಿಟ್ಟು ಹೊರಗೆ ಬರಬೇಕಾಯಿತು. ನೀರು ಬೇಕಿತ್ತು, ಅದು ಸುಳ್ಳಲ್ಲ. ಕಾಡು ಉಳಿಯಬೇಕಿತ್ತು, ಅದೂ ಸುಳ್ಳಲ್ಲ. ಆದರೆ ಎಲ್ಲರ ಒಳಿತಿಗಾಗಿ ಕೆಲವರು ಕಳೆದುಕೊಂಡಾಗ, ಆ ಕೆಲವರ ಹೆಸರನ್ನು ಮರೆತು ಉಳಿದವರು ಜೈಕಾರ ಹಾಕುವುದು, ಇನ್ನೊಬ್ಬನ ಪೊಟ್ಟಣವನ್ನು ಖಾಲಿ ಮಾಡಿ ಬಾಯೊರೆಸಿಕೊಳ್ಳುವುದಕ್ಕಿಂತ ಬೇರೆಯಲ್ಲ.

ಹೀಗೆ ಹೇಳಿದರೆ ಕೆಲವರು, "ಹಬ್ಬದ ದಿನ ಇಂಥ ಮಾತೇಕೆ? ಇದು ದೇಶವನ್ನು ಹೀಗಳೆದಂತಾಗುವುದಿಲ್ಲವೇ?" ಎನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ನಮ್ಮ ಸಂಸತ್ತೇ 2006ರ ಅರಣ್ಯ ಹಕ್ಕುಗಳ ಕಾಯ್ದೆಯ ಪೀಠಿಕೆಯಲ್ಲಿ, ಅರಣ್ಯವಾಸಿಗಳಿಗೆ ಐತಿಹಾಸಿಕವಾದ ಅನ್ಯಾಯವಾಗಿದೆಯೆಂದು ಒಪ್ಪಿಕೊಂಡಿದೆ. ಪಾಪನಿವೇದನೆಯ ಸಂಸ್ಕಾರವನ್ನು ಬಲ್ಲ ನಮಗೆ ಇದರ ಬೆಲೆ ಚೆನ್ನಾಗಿ ತಿಳಿಯಬೇಕು. ತಪ್ಪನ್ನು ಒಪ್ಪಿಕೊಳ್ಳಬಲ್ಲ ದೇಶ ಹೆಮ್ಮೆಪಡಬಹುದಾದ ದೇಶ. ಒಪ್ಪಿದ್ದನ್ನು ಪೂರ್ತಿಯಾಗಿ ಸರಿಪಡಿಸುವುದು ಇನ್ನೂ ಬಾಕಿ ಇದೆ. ಅದಕ್ಕೆ ಪ್ರೀತಿ ಬೇಕು, ಹೊಗಳಿಕೆ ಸಾಲದು. ಪ್ರಭು ಯೇಸು ಜೆರುಸಲೇಮಿನ ಎದುರು ನಿಂತು ಕಣ್ಣೀರಿಟ್ಟರೆಂದು ಸಂತ ಲೂಕರು ಬರೆಯುತ್ತಾರೆ. ಆ ನಗರವನ್ನು ಅವರಷ್ಟು ಪ್ರೀತಿಸಿದವರು ಯಾರು? ತನ್ನ ಊರಿಗಾಗಿ ಅಳಲಾರದವನ ಹೆಮ್ಮೆಯಲ್ಲಿ ಪ್ರೀತಿ ಎಷ್ಟಿದ್ದೀತು?

ಹಬ್ಬದ ಸಂತೋಷವನ್ನು ಇದು ಕೆಡಿಸುವುದೇ? ಯೆಹೂದ್ಯ ಕುಟುಂಬಗಳ ಪಾಸ್ಕ ಭೋಜನವನ್ನು ನೆನೆಯಿರಿ. ಅದು ಅವರ ಬಿಡುಗಡೆಯ ಹಬ್ಬ. ಆದರೂ ಈಜಿಪ್ಟಿಗೆ ಬಂದ ಹತ್ತು ಪಿಡುಗುಗಳ ಹೆಸರು ಹೇಳುವಾಗ ಒಂದೊಂದಕ್ಕೂ ಒಂದೊಂದು ಹನಿ ದ್ರಾಕ್ಷಾರಸವನ್ನು ಬಟ್ಟಲಿನಿಂದ ತೆಗೆಯುತ್ತಾರೆ. ನಮ್ಮ ಬಿಡುಗಡೆಗಾಗಿ ಬೇರೆಯವರು ನೋವುಂಡಾಗ ನಮ್ಮ ಬಟ್ಟಲು ಪೂರ್ತಿ ತುಂಬಿರಬಾರದೆಂದು ಹಿರಿಯರು ಮಕ್ಕಳಿಗೆ ವಿವರಿಸುವುದುಂಟು. ಹತ್ತು ಹನಿ ಕಡಿಮೆಯಾದ ಬಟ್ಟಲಿನಿಂದಲೇ ಅವರು ಶತಮಾನಗಳಿಂದ ಸಂತೋಷವಾಗಿ ಕುಡಿದಿದ್ದಾರೆ. ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡವೂ ಸುಗ್ಗಿಯ ಹಬ್ಬದ ಪಂಕ್ತಿಯಲ್ಲಿ ಪರದೇಶಿ, ತಬ್ಬಲಿ, ವಿಧವೆಯರನ್ನು ಸೇರಿಸಿಕೊಳ್ಳಲೇಬೇಕೆಂದು ವಿಧಿಸುತ್ತದೆ. ಅವರನ್ನು ಹೊರಗಿಟ್ಟ ಊಟಕ್ಕೆ ಹಬ್ಬವೆಂಬ ಹೆಸರು ಸಲ್ಲದು.

ಇನ್ನೊಂದು ಪ್ರಶ್ನೆ ನಮ್ಮ ಯುವಕರ ಮನಸ್ಸಿನಲ್ಲಿ ಇರುವುದನ್ನು ನಾನು ಬಲ್ಲೆ. "ನಾವು ಈ ನಾಡಿನವರೇ ಎಂದು ಕೆಲವರು ಅನುಮಾನದಿಂದ ನೋಡುವಾಗ, ನಾವೇಕೆ ಪ್ರೀತಿಸಬೇಕು?" ನೋವಿನಿಂದ ಹುಟ್ಟಿದ ಪ್ರಶ್ನೆಗೆ ಗದರಿಕೆ ಉತ್ತರವಾಗದು. ಒಂದು ಸಂಗತಿಯನ್ನು ಮಾತ್ರ ನೆನಪಿಸುತ್ತೇನೆ. ಸಂವಿಧಾನ ರಚನಾ ಸಭೆಯಲ್ಲಿ ಕ್ರೈಸ್ತ ಸದಸ್ಯರಿದ್ದರು. ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕೂಮರ್ ಮುಖರ್ಜಿಯವರು ಕ್ರೈಸ್ತರು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರೂ ಅಲ್ಲಿದ್ದರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಪ್ರತ್ಯೇಕ ಮೀಸಲು ಸ್ಥಾನಗಳು ಬೇಡವೆಂದು 1949ರಲ್ಲಿ ತೀರ್ಮಾನವಾದಾಗ ನಮ್ಮವರು ಅದಕ್ಕೆ ಒಪ್ಪಿದರು. ನೆರೆಹೊರೆಯವರ ನ್ಯಾಯಬುದ್ಧಿಯ ಮೇಲೆ ಭರವಸೆ ಇಟ್ಟು ಮುಂದಿಟ್ಟ ಹೆಜ್ಜೆ ಅದು. ಆ ಭರವಸೆ ಎಲ್ಲ ದಿನವೂ, ಎಲ್ಲ ಊರಿನಲ್ಲಿಯೂ ನಿಜವಾಗಿದೆಯೆಂದು ನಾನು ಹೇಳಲಾರೆ. ಆದರೆ ಅದನ್ನು ನಂಬಿ ಬದುಕುವವರು ಇಲ್ಲದಿದ್ದರೆ ಅದು ಎಂದೂ ನಿಜವಾಗದು. ಬಾಬಿಲೋನಿಗೆ ಸೆರೆಹೋದ ಜನರಿಗೆ ಪ್ರವಾದಿ ಯೆರೆಮೀಯನು, ಆ ಪರನಗರದ ಕ್ಷೇಮಕ್ಕಾಗಿಯೂ ದುಡಿದು ಪ್ರಾರ್ಥಿಸಬೇಕೆಂದು ಪತ್ರ ಬರೆದನು. ಸೆರೆಯ ಊರಿಗೇ ಅಷ್ಟು ಸಲ್ಲುವುದಾದರೆ, ಹುಟ್ಟಿದ ಊರಿಗೆ ಎಷ್ಟು ಸಲ್ಲಬೇಡ?

ಇನ್ನು ಮಾತೆಯ ಹಬ್ಬದ ಮಾತು. 1950ರ ನವೆಂಬರ್ 1ರಂದು ಜಗದ್ಗುರು ಹನ್ನೆರಡನೆಯ ಪಯಸ್ಸರು ಸ್ವರ್ಗಸ್ವೀಕಾರವನ್ನು ವಿಶ್ವಾಸದ ಸತ್ಯವೆಂದು ಘೋಷಿಸಿದರು. ಹಬ್ಬವಾದರೋ ಅದಕ್ಕಿಂತ ಅನೇಕ ಶತಮಾನಗಳಷ್ಟು ಹಳೆಯದು. ಎರಡು ಮಹಾಯುದ್ಧಗಳಲ್ಲಿ ಮನುಷ್ಯ ದೇಹವನ್ನು ಕಸದಂತೆ ರಾಶಿ ಹಾಕಿದ ಕಾಲ ಆಗಷ್ಟೇ ಕಳೆದಿತ್ತು. ಆ ಹೊತ್ತಿನಲ್ಲಿ ಧರ್ಮಸಭೆ, ಮಣ್ಣಿನ ಈ ದೇಹಕ್ಕೂ ದೇವರ ಬಳಿ ಸ್ಥಾನವಿದೆಯೆಂದು ಸಾರಿತು. ಆ ಸ್ಥಾನವನ್ನು ಪಡೆದವರು ಚಕ್ರವರ್ತಿನಿಯಲ್ಲ. ರೋಮನರ ಆಳ್ವಿಕೆಯಲ್ಲಿ ನಲುಗಿದ್ದ ನಾಡಿನ, ನಜರೇತೆಂಬ ಹಳ್ಳಿಯ ಒಬ್ಬ ಹೆಣ್ಣುಮಗಳು. ಎಲಿಜಬೇತಳ ಮನೆಯಲ್ಲಿ ಆಕೆ ಹಾಡಿದ ಸ್ತುತಿಗೀತೆಯನ್ನು ಅಂದಿನ ಪೂಜೆಯಲ್ಲಿ ನಾವು ಕೇಳುತ್ತೇವೆ. ಅದರಲ್ಲಿ ದೇವರ ಮಹಿಮೆ ಇದೆ. ಅದರೊಡನೆಯೇ ಹಸಿದವರ ನೆನಪಿದೆ, ತಳಕ್ಕೆ ಬಿದ್ದವರ ನೆನಪಿದೆ, ಪೂರ್ವಿಕರಿಗೆ ಕೊಟ್ಟ ಮಾತಿನ ನೆನಪಿದೆ. ತನ್ನ ಜನರನ್ನು ಪ್ರೀತಿಸುವುದು ಹೇಗೆಂದು ಕಲಿಯಬೇಕಾದರೆ ನಮಗೆ ಆ ಹಾಡು ಸಾಕು. ಅಲ್ಲಿ ಯಾರನ್ನೂ ದ್ವೇಷಿಸುವ ಮಾತಿಲ್ಲ, ಯಾರನ್ನೂ ಮರೆಯುವ ಮಾತೂ ಇಲ್ಲ.

ತಂದೆತಾಯಿಯರೇ, ನಿಮ್ಮಲ್ಲಿ ನನ್ನ ವಿನಂತಿ ದೊಡ್ಡದಲ್ಲ. ಬರುವ ಆಗಸ್ಟ್ 15ರಂದು ಪೂಜೆಯಾಗಲಿ, ಧ್ವಜವಂದನೆಯಾಗಲಿ, ಪಾಯಸವಾಗಲಿ. ಊಟಕ್ಕೆ ಕೂರುವ ಮೊದಲು ಮಕ್ಕಳಿಗೆ ಒಂದು ಪ್ರಶ್ನೆ ಕೇಳಿರಿ: ನಮ್ಮ ತಟ್ಟೆಯಲ್ಲಿರುವುದು ಯಾರ ಯಾರ ಕೈಯಿಂದ ಬಂತು? ಮಕ್ಕಳ ಎದೆಗೆ ಚುಚ್ಚಿಕೊಳ್ಳುವ ಬಾವುಟವೂ ಆಕಾಶದಿಂದ ಬೀಳುವುದಿಲ್ಲ. ಧಾರವಾಡ ಸೀಮೆಯ ಗರಗದಂಥ ಊರುಗಳಲ್ಲಿ ರಾಷ್ಟ್ರಧ್ವಜದ ಖಾದಿಯನ್ನು ನೂಲುವ, ನೇಯುವ ಕೈಗಳಿವೆ. ಸಂಜೆ ಬೀದಿಯಲ್ಲಿ ಬಿದ್ದಿರುವ ಕಾಗದದ ಬಾವುಟಗಳನ್ನು ಮಕ್ಕಳಿಂದ ಗೌರವವಾಗಿ ಎತ್ತಿಸಿರಿ. ನಿಮ್ಮ ಧರ್ಮಕೇಂದ್ರದ ಎಲ್ಲೆಯಲ್ಲಿ ನಾಡಿಗಾಗಿ ನೆಲವನ್ನೋ ಮನೆಯನ್ನೋ ಮಗನನ್ನೋ ಕೊಟ್ಟ ಒಂದು ಮನೆಯಾದರೂ ಇರುತ್ತದೆ. ಮೊದಲ ಪಾತ್ರೆ ಅಲ್ಲಿಗೆ ಹೋಗಲಿ. ಕೊಡುವವರಾಗಿ ಹೋಗಬೇಡಿ, ಸಾಲ ತೀರಿಸುವವರಾಗಿ ಹೋಗಿರಿ.

ಆ ಗೆಳೆಯನ ಕುಟುಂಬ ಕೆಲವು ವರ್ಷಗಳ ಮೇಲೆ ಕೂಲಿ ಹುಡುಕಿ ಬೇರೆ ಕಡೆಗೆ ಹೋಯಿತು. ನಾನು ಗುರುಮಠಕ್ಕೆ ಸೇರಿದೆ. ಮತ್ತೆ ಅವನನ್ನು ಕಾಣಲಿಲ್ಲ. ಬೂಂದಿ ತಿಂದದ್ದನ್ನು, ಸುಳ್ಳು ಹೇಳಿದ್ದನ್ನು ನಾನು ಪಾಪನಿವೇದನೆಯಲ್ಲಿ ಹೇಳಿ ಕ್ಷಮೆ ಪಡೆದಿದ್ದೇನೆ. ಆದರೆ ಕ್ಷಮೆ ದೊರೆತ ಮೇಲೂ, ಕದ್ದದ್ದನ್ನು ಹಿಂದಿರುಗಿಸುವ ಕರ್ತವ್ಯ ಉಳಿಯುತ್ತದೆಂದು ಧರ್ಮಸಭೆ ಬೋಧಿಸುತ್ತದೆ. ನಾನೇ ಅನೇಕರಿಗೆ ಬೋಧಿಸಿದ್ದೇನೆ. ತಂದೆಯವರ ಪಾಯಸ ಅವನ ಮನೆಗೆ ಹೋಯಿತು. "ಅ ದಿನ ನಿನ್ನ ಪೊಟ್ಟಣ ನಾನೇ ತಿಂದದ್ದು" ಎಂಬ ಮಾತು ಮಾತ್ರ ನನ್ನ ಬಾಯಿಂದ ಅವನಿಗೆ ಹೋಗಲೇ ಇಲ್ಲ.

ಆದ್ದರಿಂದ ನಾನಿರುವ ಧರ್ಮಕೇಂದ್ರದಲ್ಲಿ ಪ್ರತಿ ಆಗಸ್ಟ್ 15ರಂದು ಧ್ವಜಾರೋಹಣದ ಸಿಹಿ ಹಂಚುವಾಗ ಒಂದು ನಿಯಮ ಇಟ್ಟಿದ್ದೇನೆ. ಬಟ್ಟೆಯ ಬಣ್ಣವನ್ನು ಯಾರೂ ನೋಡಬಾರದು. ಬಾರದ ಮಕ್ಕಳ ಪಾಲನ್ನು ಅಂದೇ ಸಂಜೆಯೊಳಗೆ ಅವರ ಮನೆಗೆ ಮುಟ್ಟಿಸಬೇಕು. ಆ ಪೊಟ್ಟಣಗಳನ್ನು ನಾನು ಮಕ್ಕಳ ಕೈಯಲ್ಲಿ ಕಳುಹಿಸುವುದಿಲ್ಲ. ನಾನೇ ಹೋಗಿ ಕೊಟ್ಟು ಬರುತ್ತೇನೆ.